ನೇರ ಕೂಗು

ನಮ್ಮೂರಿನಲ್ಲಿ ಹೊಸಬರ ಪರಿಚಯವಾದಾಗ 'ನೀವು ಯಾರ ಮನೆಯವರು' ಎಂದು ಕೇಳುವುದಿಲ್ಲ. 'ನೀವು ಎಲ್ಲಿ ಸಿಕ್ಕಿದವರು' ಎಂದು ಕೇಳುತ್ತೇವೆ. ಯುದ್ಧದ ಕಾಲದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಸೈರನ್ ಕೂಗಿತು. ಕೂಗು ಏರಿ ಇಳಿದು, ಏರಿ ಇಳಿದು ಬಂದರೆ ಹತ್ತಿರದ ಮನೆಯೊಳಕ್ಕೆ ಓಡಬೇಕು, ಆಮೇಲೆ ಒಂದೇ ಸಮನೆ ನೇರ ಕೂಗು ಬರುವ ತನಕ ಆ ಮನೆಯಲ್ಲೇ ಇರಬೇಕು ಎಂದು ಪುರಸಭೆಯವರು ಗೋಡೆಗೋಡೆಗೂ ನೋಟೀಸು ಅಂಟಿಸಿದ್ದರು. ಜನ ಓಡಿದರು. ಬಾಗಿಲು ಹಾಕಿಕೊಂಡು ಕಾದರು. ಯುದ್ಧ ಮುಗಿಯಿತು, ಸೀಮೆಎಣ್ಣೆ ಮತ್ತೆ ಅಂಗಡಿಯಲ್ಲಿ ಸಿಗತೊಡಗಿತು, ಆದರೆ ನೇರ ಕೂಗು ಬರಲಿಲ್ಲ. ಅದಕ್ಕೆ ಜಿಲ್ಲೆಯಿಂದ ತಂತಿ ಬರಬೇಕು. ತಂತಿಯೇ ಬಂದಿಲ್ಲ ಅಂದ ಮೇಲೆ ಯಾರೇನು ಮಾಡುವುದು? ನಲವತ್ತು ವರ್ಷದಿಂದ ಎಲ್ಲರೂ ಸಿಕ್ಕಿದ ಮನೆಯಲ್ಲೇ ಸಂಸಾರ ಮಾಡಿಕೊಂಡಿದ್ದಾರೆ.

ಹಗಲು ಹೊತ್ತು ಕೆಲಸಕ್ಕೆ, ಪೇಟೆಗೆ ಹೋಗಿಬರಲು ಮೊದಲ ತಿಂಗಳಲ್ಲೇ ಅನುಮತಿ ಸಿಕ್ಕಿತು. ದೀಪ ಹಚ್ಚುವ ಹೊತ್ತಿಗೆ ಸಿಕ್ಕಿದ ಮನೆಯಲ್ಲಿರಬೇಕು, ಬೇರೆ ಯಾರ ಮನೆಯ ಹೊಸ್ತಿಲನ್ನೂ ದಾಟಬಾರದು, ಅಷ್ಟೆ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ವಕೀಲ ವೆಂಕೋಬರಾಯರು ಕ್ಷೌರದಂಗಡಿಯವರೇ ಆಗಿಹೋದರು. ಕಕ್ಷಿದಾರರು ಈಗಲೂ ತಿರುಗುವ ಕುರ್ಚಿಯ ಮೇಲೆ ಕೂತು, ಕನ್ನಡಿಯಲ್ಲಿ ಅವರ ಮುಖ ನೋಡುತ್ತ ಕೇಸು ಹೇಳಿಕೊಳ್ಳುತ್ತಾರೆ. ಇನ್‌ಸ್ಪೆಕ್ಟರರ ಹಿತ್ತಿಲಲ್ಲಿ ತೆಂಗಿನಕಾಯಿ ಕದಿಯಲು ಬಂದಿದ್ದ ಕಳ್ಳ ಅವರ ಅಡುಗೆಮನೆಯಲ್ಲಿ ಸಿಕ್ಕಿದ. ಇನ್‌ಸ್ಪೆಕ್ಟರರು ಲಾಕಪ್ಪಿನ ಬೀಗ ಪರೀಕ್ಷಿಸಲು ಒಳಗೆ ಹೋಗಿದ್ದವರು ಲಾಕಪ್ಪಿನಲ್ಲೇ ಸಿಕ್ಕಿದರು. ಅವರ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ದೊಡ್ಡವರನ್ನಾಗಿ ಮಾಡಿದ್ದು ಆ ಕಳ್ಳನೇ. ಮದುವೆಯ ಛತ್ರದಲ್ಲಿ ಮದುಮಗಳ ಜೊತೆ ಎಂಬತ್ತಾರು ಜನ ಸಿಕ್ಕಿದರು. ಮದುಮಗ ಬೀಡಿ ಸೇದಲು ಹಿಂದಿನ ಬಾಗಿಲಿಂದ ಹೋದವನು ಎಣ್ಣೆಗಾಣದಲ್ಲಿ ಸಿಕ್ಕಿದ. ಕೂಗು ಆದ ಮೇಲೆ ಹುಟ್ಟಿದ ನಮ್ಮಂಥವರಿಗೆ ಈ ಕಟ್ಟು ಇಲ್ಲ. ನಾವು ಯಾರ ಮನೆಗಾದರೂ ನುಗ್ಗಬಹುದು, ಊರು ಬಿಟ್ಟೂ ಹೋಗಬಹುದು. ನನ್ನ ಅಪ್ಪ ಅಮ್ಮ ಹಾಗೇ ಹೋದರು, ದೂರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಜೂನಿನಲ್ಲಿ ನಾನೂ ಅಲ್ಲಿಗೆ ಹೋಗಿ ಕಾಲೇಜು ಸೇರುವುದು ಎಂದು ಗೊತ್ತಾಗಿತ್ತು.

ನಮ್ಮದು ಸೈರನ್ ಮನೆ. ತಾರಸಿಯ ಮೇಲೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಕೈಯಲ್ಲಿ ತಿರುಗಿಸುವ ಸೈರನ್ನು. ಅದನ್ನು ನೋಡಿಕೊಳ್ಳುವ ಜವಾನ ನನ್ನ ಮುತ್ತಜ್ಜ. ಆ ಮಂಗಳವಾರ ಅವನು ಕಾಫಿ ಕ್ಲಬ್ಬಿಗೆ ಹೋಗಿದ್ದ, ಸಾಯುವ ತನಕ ಕಾಫಿ ಕ್ಲಬ್ಬಿನವನಾಗಿಯೇ ಇದ್ದ. ಮನೆಯಲ್ಲಿದ್ದವಳು ಅವನ ಮಗಳು ಚನ್ನಾಜಮ್ಮ, ನನ್ನ ಅಜ್ಜಿ, ಹತ್ತೊಂಬತ್ತು ವರ್ಷದವಳು. ಅಂಗಡಿಗಳ ತೂಕದ ಕಲ್ಲಿಗೆ ಮುದ್ರೆ ಹಾಕಲು ಬೇರೆ ಊರಿನಿಂದ ಬಂದಿದ್ದ ಇನಾಸಪ್ಪ ಎಂಬವರು ನೀರು ಕೇಳಲು ಬಂದು ಸಿಕ್ಕಿದರು. ಅವರೇ ನನ್ನ ತಾತ. ಮೊಮ್ಮಗಳಿಗೆ, ಅಂದರೆ ನನಗೆ, ಲೂರ್ದು ಮಾತೆಯ ಹೆಸರಿಟ್ಟವರು ತಾತ, ಹಣೆಗೆ ವಿಭೂತಿ ಹಚ್ಚಿದವಳು ಅಜ್ಜಿ, ಎರಡಕ್ಕೂ ಸುಮ್ಮನೆ ತಲೆಯಾಡಿಸಿದವಳು ದಾಕ್ಷಜ್ಜಿ.

ದಾಕ್ಷಜ್ಜಿ, ಅಂದರೆ ದಾಕ್ಷಾಯಿಣಮ್ಮ, ಎದುರು ಮನೆಯವಳು. ನಮ್ಮ ಮನೆಯಲ್ಲಿ ಸಿಕ್ಕಿದ ಮೂರನೆಯ ಪ್ರಾಣಿ. ಅವಳ ಗಂಡ ನಿಜಗುಣಪ್ಪ ಮೇಷ್ಟ್ರು ಬೀದಿಯ ಆಚೆ ತಮ್ಮ ಮನೆಯಲ್ಲಿ ಒಬ್ಬರೇ ಸಿಕ್ಕಿದರು. ನಡುವೆ ಇರುವುದು ಇಪ್ಪತ್ತು ಹೆಜ್ಜೆಯ ರಸ್ತೆ. ದಿನಾ ಸಂಜೆ ಆರಕ್ಕೆ ಮೇಷ್ಟ್ರು ತಮ್ಮ ಜಗಲಿಗೆ ಬಂದು, "ದಾಕ್ಷಾಯಿಣಿ, ಊಟವಾಯಿತೇ?" ಎಂದು ಕೇಳುತ್ತಿದ್ದರು. ಅವಳು ನಮ್ಮ ಬಾಗಿಲಲ್ಲಿ ನಿಂತು "ಆಯ್ತು" ಅಂದು ಒಳಗೆ ಹೋಗುತ್ತಿದ್ದಳು. ಸಂಜೆ ಆರಕ್ಕೆ ಯಾರ ಊಟವೂ ಆಗಿರುವುದಿಲ್ಲ, ಆದರೂ ಅದನ್ನು ಕೇಳಲೆಂದೇ ಜನ ಬೀದಿಯಲ್ಲಿ ನಿಲ್ಲುತ್ತಿದ್ದರು. ಪರವೂರಿನ ನೆಂಟರನ್ನು ಕರೆತಂದು ಇದನ್ನು ತೋರಿಸುತ್ತಿದ್ದರು. ಬೀದಿಯ ಹೆಂಗಸರು ಸರದಿ ಹಾಕಿಕೊಂಡು ಮೇಷ್ಟ್ರ ಬಾಗಿಲಿಗೆ ಸಾರು, ಪಲ್ಯ ತಂದಿಡುತ್ತಿದ್ದರು. ಜಿಲ್ಲೆಗೆ ತಿಂಗಳಿಗೊಂದು ಅರ್ಜಿ ಬರೆದು ನೇರ ಕೂಗಿನ ತಂತಿ ಕೇಳುತ್ತಿದ್ದವರು ಊರಿಗೆಲ್ಲ ಅವರೊಬ್ಬರೇ, ಉತ್ತರ ಒಮ್ಮೆಯೂ ಬಂದಿರಲಿಲ್ಲ. ಶಾಲೆಯಲ್ಲಿ 'ನಿಜಗುಣಪ್ಪ ಮೇಷ್ಟ್ರ ತಾಳ್ಮೆ' ಎಂಬ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ, ಒಂದು ಸ್ಟೀಲ್ ಲೋಟ ಬಂದಿತ್ತು. ಆ ಪ್ರಬಂಧದಲ್ಲಿ ದಾಕ್ಷಜ್ಜಿಯ ಕಣ್ಣಿನಿಂದ ನಾನು ಮೂರು ಸಲ ನೀರು ಸುರಿಸಿದ್ದೆ. ಓದಿ ಹೇಳಿದಾಗ ಅವಳು, "ಅಕ್ಷರ ದುಂಡಗಿದೆ," ಎಂದಳು. ನಾಚಿಕೊಂಡಳೆಂದು ತಿಳಿದುಕೊಂಡೆ. ಆಗ ನನಗೆ ಜಗತ್ತಿನಲ್ಲಿ ಎಲ್ಲವೂ ತಿಳಿದಿತ್ತು, ಹದಿನಾರು ವರ್ಷ.

ಪರೀಕ್ಷೆ ಮುಗಿದ ರಜೆಯಲ್ಲಿ ಅಜ್ಜಿ ಮೊರಗಳಿಗೆ ಬಳಿಯುವ ಕೆಲಸ ಹಚ್ಚಿದಳು. ಹಳೆ ಕಾಗದವನ್ನು ಮೆಂತ್ಯದ ಜೊತೆ ನೆನೆಸಿ ರುಬ್ಬಿ, ಆ ಹಿಟ್ಟನ್ನು ಬಿದಿರಿನ ಮೊರಕ್ಕೆ ಬಳಿದರೆ ಸಂದುಗಳು ಮುಚ್ಚಿ ಮೊರ ಗಟ್ಟಿಯಾಗುತ್ತದೆ. ಮೊದಲು ಹಳೆಯ ಪದರ ನೆನೆಸಿ ಕೆರೆಯಬೇಕು. ಅಜ್ಜಿ ಎರಡು ಮೊರ ಕೊಟ್ಟು ಪೇಟೆಗೆ ಹೋದಳು. ನಾನು ಹೆಚ್ಚಿನ ಬುದ್ಧಿವಂತಿಕೆ ತೋರಿಸಲು ಹೋಗಿ, ಉಗ್ರಾಣದ ಗೋಡೆಗೆ ತೂಗುಹಾಕಿದ್ದ, ಯಾವತ್ತೂ ಬಳಸದ ಮೂರನೆಯದನ್ನೂ ಬಕೆಟ್ಟಿಗೆ ಹಾಕಿದೆ. ಅರ್ಧ ಗಂಟೆಗೆ ಅದರ ಬೆನ್ನಿನ ಹಿಟ್ಟು ಸಿಪ್ಪೆಯಂತೆ ಕಳಚಿತು. ಕೆಳಗೆ ಒಂದು ಇಡೀ ಹಾಳೆ ಅಂಟಿತ್ತು. ತಂತಿ ಕಚೇರಿಯ ಮುದ್ರೆ, ಆ ಮಂಗಳವಾರದ ತಾರೀಖು, ಹನ್ನೊಂದು ಹತ್ತರ ವೇಳೆ. 'ಸೈರನ್ ಯಾಕೆ ಕೂಗಿತು. ನಿಮ್ಮೂರಿಗೆ ಯಾವ ಅಪಾಯವೂ ಇಲ್ಲ. ತಕ್ಷಣ ನೇರ ಕೂಗು ಕೂಗಿಸಿ.'

ನಾನು ಒದ್ದೆ ಮೊರವನ್ನೇ ಹಿಡಿದುಕೊಂಡು ತಾತನ ಹತ್ತಿರ ಓಡಿದೆ. ತಾತ ಜಗಲಿಯ ಮೇಲೆ ಯಾರದೋ ಅರ್ಧ ಕಿಲೋ ಕಲ್ಲಿಗೆ ಮುದ್ರೆ ಒತ್ತುತ್ತಿದ್ದರು. ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಆವತ್ತಿಡೀ ದಿನ ಅವರು ಹೆದರಿ ಮಂಚದ ಕೆಳಗಿದ್ದವರು, ಬಾಗಿಲಿಗೆ ತಂತಿ ಬಂದದ್ದು ಅವರಿಗೆ ಗೊತ್ತೇ ಇರಲಿಲ್ಲ.

"ಹಾಗಾದ್ರೆ ಚನ್ನಾಜಿ ಇದನ್ನ ಬಚ್ಚಿಟ್ಳು," ಎಂದರು. ಅವರ ಕಿವಿ ಕೆಂಪಾಯಿತು. "ಆವತ್ತು ನಾನು ನೀಲಿ ಶರ್ಟು ಹಾಕಿದ್ದೆ ಮಗಾ. ಎಲ್ಲಾರೂ ಚೆನ್ನಾಗಿ ಕಾಣುತ್ತೆ ಅಂತಿದ್ರು." ಜೇಬಿನಿಂದ ಬಾಚಣಿಗೆ ತೆಗೆದು, ಇರುವ ನಾಲ್ಕು ಕೂದಲನ್ನು ಹಿಂದಕ್ಕೆ ಬಾಚಿಕೊಂಡರು.

ನನಗೆ ಮೈಯೆಲ್ಲ ಉರಿಯಿತು. ಅಜ್ಜಿಗೆ ಒಬ್ಬ ಗಂಡ ಬೇಕಾಗಿತ್ತು, ಅದಕ್ಕೆ ಇಡೀ ಊರನ್ನು ನಲವತ್ತು ವರ್ಷ ಕಂಡವರ ಮನೆಯಲ್ಲಿ ಕೂರಿಸಿದಳು. ದಾಕ್ಷಜ್ಜಿಯ ಗಂಡನನ್ನು ಅವಳ ಕಣ್ಣೆದುರೇ ಇಟ್ಟು ಅವಳಿಂದ ಕಿತ್ತುಕೊಂಡಳು. ತಾತ ಇನ್ನೂ ಬಾಚಿಕೊಳ್ಳುತ್ತಿದ್ದಾಗಲೇ ನಾನು ಹಾಳೆಯನ್ನು ನಾಜೂಕಾಗಿ ಬಿಡಿಸಿ, ಅಂಗೈ ಮೇಲೆ ಹಾಕಿಕೊಂಡು ರಸ್ತೆ ದಾಟಿ ಮೇಷ್ಟ್ರ ಮನೆಗೆ ಹೋದೆ.

ಅವರು ಅಳುತ್ತಾರೆ, ನಾನೂ ಅಳಬೇಕು ಎಂದು ಸಿದ್ಧಳಾಗಿ ಹೋಗಿದ್ದೆ. ಮೇಷ್ಟ್ರು ಅಳಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಪುಸ್ತಕ ಇಟ್ಟು ಒಣಗಲು ಬಿಟ್ಟರು.

"ನಲವತ್ತು ವರ್ಷ," ಎಂದರು. "ಒಂದು ಪದದಲ್ಲಿ ಉತ್ತರ ಕೊಟ್ಟು ಒಳಗೆ ಹೋಗುತ್ತಾಳೆ. ಬರಲಿ. ಪೂರ್ತಿ ವಾಕ್ಯದಲ್ಲಿ ಹೇಳಿಸುತ್ತೇನೆ."

"ಪಾಪ, ನಿಮ್ಮಷ್ಟೇ ಅವಳೂ ಕಾದಿದ್ದಾಳೆ ಮೇಷ್ಟ್ರೇ," ಎಂದೆ.

"ಆ ಕಪಾಟಿನ ಮೇಲಿದೆ ನೋಡು, ಕೊಡು." ಕಪಾಟಿನ ಮೇಲೆ ಬೆತ್ತ ಇತ್ತು. ಅವರು ಶಾಲೆ ಬಿಟ್ಟು ಹನ್ನೆರಡು ವರ್ಷವಾಗಿತ್ತು, ಮನೆಯಲ್ಲಿ ಎಲ್ಲದರ ಮೇಲೂ ಧೂಳಿತ್ತು, ಬೆತ್ತ ಮಾತ್ರ ಎಣ್ಣೆ ಕುಡಿದು ಹೊಳೆಯುತ್ತಿತ್ತು. ಅವರು ಅದನ್ನು ಊರಿಕೊಳ್ಳಲಿಲ್ಲ. ಬಗ್ಗಿಸಿ, ಬಿಟ್ಟು, ಅದು ನೆಟ್ಟಗಾಗುವುದನ್ನು ನೋಡಿದರು. ಆಮೇಲೆ ಕೋಟು ಹಾಕಿಕೊಂಡು ತಂತಿಯೊಂದಿಗೆ ಪುರಸಭೆಗೆ ಹೊರಟರು. ನನಗೆ ಏನೋ ಸರಿಯಿಲ್ಲ ಅನ್ನಿಸಿತು, ಆದರೆ ಬಹುಮಾನ ಬಂದ ಪ್ರಬಂಧವನ್ನು ಅಷ್ಟು ಸುಲಭವಾಗಿ ಅನುಮಾನಿಸಲು ಮನಸ್ಸು ಒಪ್ಪಲಿಲ್ಲ.

ಮನೆಗೆ ಬಂದಾಗ ಅಜ್ಜಿ ಪೇಟೆಯಿಂದ ಬಂದು ಬಕೆಟ್ಟಿನ ಮುಂದೆ ನಿಂತಿದ್ದಳು. ಮೊರವನ್ನು ತಿರುಗಿಸಿ ನೋಡಿದಳು.

"ಹಾಳೆ ಎಲ್ಲಿ?"

"ಯಾರದ್ದೋ ಅವರಿಗೇ ಕೊಟ್ಟೆ," ಎಂದು ನಾನು ಎದೆ ಸೆಟೆಸಿದೆ. "ನಿನಗೆ ತಾತ ಬೇಕಾಗಿತ್ತು ಅಂತ ದಾಕ್ಷಜ್ಜಿ ಬಾಳು ಹಾಳು ಮಾಡಿದೆ. ಅಷ್ಟು ನಾಚಿಕೆ ಆಗಿದ್ರೆ ಅವತ್ತೇ ಸುಡಬೇಕಿತ್ತು."

"ಸರ್ಕಾರಿ ಕಾಗದ ಸುಟ್ರೆ ಜೈಲು. ಅಂಟಿಸಬಾರದು ಅಂತ ಎಲ್ಲೂ ಬರೆದಿರಲಿಲ್ಲ," ಎಂದಳು ಅಜ್ಜಿ. ಆಮೇಲೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತಳು. "ಯಾವ ವಿಮಾನಾನೂ ಬಂದಿರ್ಲಿಲ್ಲ ಲೂರ್ದು. ಹತ್ತೂ ಇಪ್ಪತ್ತೈದಕ್ಕೆ ದಾಕ್ಷಿ ಬರಿಗಾಲಲ್ಲಿ ಓಡಿ ಬಂದು ನಮ್ಮ ಅಡುಗೆಮನೇಲಿ ಒಲೆ ಹಿಂದೆ ಕೂತ್ಲು. ಬೆನ್ನ ಮೇಲೆ ರವಿಕೆ ಬಟ್ಟೆ ಹರಿದಿತ್ತು. ಮೇಷ್ಟ್ರು ಬೆತ್ತ ಹಿಡ್ಕೊಂಡು ಅವರ ಜಗಲಿ ಇಳೀತಿದ್ರು. ಮದುವೆಯಾಗಿ ನಾಕು ವರ್ಷ, ಅದು ಬೀದಿಗೆಲ್ಲ ಕೇಳ್ತಿತ್ತು, ಯಾರೂ ಕೇಳಿಸ್ಕೊತಿರ್ಲಿಲ್ಲ. ನನಗೆ ಇನ್ನೇನೂ ತೋಚಲಿಲ್ಲ. ತಾರಸಿಗೆ ಹೋಗಿ ಸೈರನ್ ತಿರುಗಿಸಿದೆ. ಅವರು ಒಳಗೆ ಓಡಿಹೋದ್ರು. ನಿಯಮ ಅಂದ್ರೆ ನಿಯಮ ಅವರಿಗೆ."

"ತಂತಿ?"

"ಕೂಗಿ ಮುಕ್ಕಾಲು ಗಂಟೆಗೆ ತಂತಿ ಪೇದೆ ಬಾಗಿಲ ಸಂದೀಲಿ ತೂರಿಸಿ ಹೋದ, ಅವನಿಗೊಬ್ಬನಿಗೆ ಓಡಾಡೋಕೆ ಪಾಸಿತ್ತು. ಅಪಾಯ ಇಲ್ಲ ಅಂತ ಬರೆದಿದ್ರು. ಅವರಿಗೇನು ಗೊತ್ತು, ಜಿಲ್ಲೇಲಿ ಕೂತವರಿಗೆ. ನಾಳೆ ಕೂಗಿಸೋಣ ಅಂದ್ಕೊಂಡೆ. ನಾಳೆ ಅವಳ ಬೆನ್ನು ಬಾತಿತ್ತು. ಒಂದು ವಾರ ಬಿಟ್ಟು ಅಂದ್ಕೊಂಡೆ. ಅಷ್ಟೊತ್ತಿಗೆ ಜನ ಒಗ್ಗಿಹೋಗಿದ್ರು."

ತಂತಿ ಕಚೇರಿಯ ಗುಮಾಸ್ತನಿಗೆ ಎಲ್ಲ ಗೊತ್ತಿತ್ತಂತೆ. ಆದರೆ ತಂತಿಯಲ್ಲಿ ಬಂದದ್ದನ್ನು ಬಾಯಿಬಿಡಬಾರದೆಂಬುದು ಅವನ ಇಲಾಖೆಯ ನಿಯಮ. ಅವನು ಅಂಚೆ ಕಚೇರಿಯಲ್ಲೇ ಸಿಕ್ಕಿ, ಮೂವತ್ತೊಂದು ವರ್ಷ ಪಾರ್ಸಲ್ಲುಗಳ ಮೇಲೆ ಮಲಗಿ, ಬಾಯಿ ಬಿಡದೆ ಸತ್ತ.

ಬಾಗಿಲ ಹತ್ತಿರ ತಾತ ಬಾಚಣಿಗೆ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಹಾಗಾದ್ರೆ ನಾನು?" ಎಂದರು.

"ನೀವು ನೀರು ಕುಡಿಯೋಕೆ ಬಂದ್ರಿ," ಎಂದಳು ಅಜ್ಜಿ. ಮಡಿಲ ಮೊರವನ್ನು ಕೆಳಗಿಟ್ಟು, "ಮಂಚದ ಕೆಳಗಿಂದ ಎರಡನೇ ದಿನ ಈಚೆ ಬಂದಾಗ್ಲೇ ನಾನು ನಿಮ್ಮನ್ನ ಸರಿಯಾಗಿ ನೋಡಿದ್ದು," ಎಂದಳು. ತಾತ ಬಾಚಣಿಗೆ ಜೇಬಿಗಿಟ್ಟು, ಅಷ್ಟಕ್ಕೇ ಸಮಾಧಾನ ಮಾಡಿಕೊಂಡರು.

ದಾಕ್ಷಜ್ಜಿ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದವಳು ಇಳಿದು ಬಂದಳು. ಕೈಯೆಲ್ಲ ಹಿಟ್ಟು. "ಕೊಟ್ಬಿಟ್ಟೆಯಾ?" ಎಂದು ಒಂದೇ ಮಾತು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಕೈ ತೊಳೆದುಕೊಂಡು, "ನನ್ನ ಎರಡು ಸೀರೆ ನೆನೆಹಾಕು. ಒಗೆದು ಗಂಟು ಕಟ್ಕೊಬೇಕು," ಎಂದಳು.

"ನೇರ ಕೂಗು ಬಂದ್ರೂ ನೀನು ಹೋಗ್ಬೇಡ. ಇಲ್ಲೇ ಇರು," ಎಂದೆ.

ಮೂವರೂ ನನ್ನ ಮುಖವನ್ನೇ ನೋಡಿದರು. ದಾಕ್ಷಜ್ಜಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಕೂಗು ಬಂದ ಮೇಲೆ ಹೋಗದೆ ಇರೋದು ಹೇಗೆ ಮಗಾ?" ಎಂದು ಕೇಳಿದಳು.

ಮರುದಿನವೇ ಆಟೋದಲ್ಲಿ ಮೈಕು ಕಟ್ಟಿ ಸಾರಿದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೇರ ಕೂಗು, ಎಲ್ಲರೂ ಗಂಟುಮೂಟೆಯೊಂದಿಗೆ ಈಗಿರುವ ಬಾಗಿಲಲ್ಲಿ ಸಿದ್ಧರಾಗಿರಬೇಕು, ಕೂಗು ಮುಗಿದ ಕೂಡಲೇ ತಂತಮ್ಮ ಮೂಲ ಮನೆಗೆ ಹೋಗತಕ್ಕದ್ದು. ಊರು ಮಂಕಾಯಿತು. ವಕೀಲರು ತಿರುಗುವ ಕುರ್ಚಿಯನ್ನು ಜೊತೆಗೆ ಒಯ್ಯಬಹುದೇ ಎಂದು ಅರ್ಜಿ ಕೊಟ್ಟರು. ಕಳ್ಳನಿಗೆ ಮೂಲ ಮನೆ ಯಾವುದೆಂದು ನೆನಪಿರಲಿಲ್ಲ. ಇನ್‌ಸ್ಪೆಕ್ಟರರು ಲಾಕಪ್ಪಿನಲ್ಲಿ ಬೆಳೆಸಿದ ತುಳಸಿಗಿಡಕ್ಕೆ ಯಾರು ನೀರು ಹಾಕುತ್ತಾರೆ ಎಂದು ಚಿಂತಿಸುತ್ತಿದ್ದರು. ತಾತ ತಮ್ಮ ಹಳೆಯ ಊರಿನ ಬಸ್ಸು ಈಗ ಎಲ್ಲಿ ನಿಲ್ಲುತ್ತದೆಂದು ವಿಚಾರಿಸಿ ಬಂದರು. ಆದರೆ ಬೇಡ ಎಂದು ಯಾರ ಬಾಯಲ್ಲೂ ಬರಲಿಲ್ಲ. ಸಂತೋಷವಾಗಿದ್ದವರು ಇಬ್ಬರೇ, ಮೇಷ್ಟ್ರು ಮತ್ತು ಎಣ್ಣೆಗಾಣದ ಮದುಮಗ.

ಅಜ್ಜಿಗೆ ಭುಜದ ನೋವು ಹಿಡಿದು ವರ್ಷಗಳಾಗಿದ್ದವು. ಸೈರನ್ ತಿರುಗಿಸುವುದು ನನ್ನ ಪಾಲಿಗೆ ಬಂತು. ಶನಿವಾರ ಅವಳು ಗ್ರೀಸು ಹಚ್ಚುತ್ತ ನನಗೆ ಕಲಿಸಿಕೊಟ್ಟಳು. "ಎರಡು ಕೂಗೂ ಶುರುವಾಗೋದು ಒಂದೇ ಥರ. ಕೆಳಗಿಂದ ಏರುತ್ತೆ. ತುದಿ ಮುಟ್ಟೋ ತನಕ ಯಾವ ಕೂಗು ಅಂತ ಯಾರಿಗೂ ಗೊತ್ತಾಗಲ್ಲ. ಆಮೇಲೆ ಅದೇ ವೇಗ ಹಿಡಿದ್ರೆ ನೇರ. ಕೈ ಸಡಿಲ ಬಿಟ್ರೆ ಇಳಿಯುತ್ತೆ." ಅಷ್ಟು ಹೇಳಿ ಕೈ ಒರೆಸಿಕೊಂಡು ಕೆಳಗೆ ಹೋದಳು. ಇದನ್ನು ಮಾಡು, ಅದನ್ನು ಮಾಡು ಎಂದು ಹೇಳಲಿಲ್ಲ.

ನಾನು ದೊಡ್ಡ ಮನಸ್ಸಿನವಳೆಂದು ಯಾರೂ ತಿಳಿಯಬೇಡಿ. ಹೊಸದಾಗಿ ಏರಿಳಿಯುವ ಕೂಗು ಬಂದರೆ ಈಗ ಹುಟ್ಟಿರುವವರೆಲ್ಲ ಆ ಕಟ್ಟಿನೊಳಗೆ ಬೀಳುತ್ತಾರೆ, ನಾನೂ. ಕಾಲೇಜು ಇಲ್ಲ, ಅಮ್ಮನ ಜೊತೆ ಇರುವುದಿಲ್ಲ, ದೀಪ ಹಚ್ಚುವ ಹೊತ್ತಿಗೆ ಇದೇ ಮನೆ. ಕಾಲೇಜಿಗೆಂದು ಹೊಲಿಸಿದ್ದ ಚೂಡಿದಾರವನ್ನು ತೆಗೆದು ನೋಡಿದೆ, ಮಡಿಸಿಟ್ಟೆ, ಮತ್ತೆ ತೆಗೆದೆ. ಹಿಡಿಗೆ ತುಕ್ಕು ಹಿಡಿದು ಅದು ತಿರುಗದೇ ಹೋಗಲಿ ಎಂದು ಬೇಡಿಕೊಂಡೆ. ಅಜ್ಜಿ ಗ್ರೀಸನ್ನು ಬಹಳ ಚೆನ್ನಾಗಿ ಹಚ್ಚಿದ್ದಳು.

ಭಾನುವಾರ ತಾರಸಿಯ ಮೇಲಿಂದ ಇಡೀ ಬೀದಿ ಕಾಣುತ್ತಿತ್ತು. ಬಾಗಿಲು ಬಾಗಿಲಲ್ಲೂ ಟ್ರಂಕು, ಹಾಸಿಗೆ ಸುರುಳಿ. ದೂರದಲ್ಲಿ ಇನ್‌ಸ್ಪೆಕ್ಟರರ ನಡುವಯಸ್ಸಿನ ಮಕ್ಕಳು ಕಳ್ಳನನ್ನು ತಬ್ಬಿಕೊಂಡು ಅಳುತ್ತಿದ್ದರು. ಪುರಸಭೆಯ ಅಧ್ಯಕ್ಷರು ಮೇಷ್ಟ್ರಿಗೆ ಹಾರ ಹಾಕಿ, ಎಲ್ಲರೂ ನೋಡಲೆಂದು ನಮ್ಮ ಮನೆಯ ಮುಂದೆಯೇ ಬೀದಿಯಲ್ಲಿ ನಿಲ್ಲಿಸಿದ್ದರು. ಬಿಳಿ ಪಂಚೆ, ಕೋಟು, ಕೈಯಲ್ಲಿ ಬೆತ್ತ. ವಯಸ್ಸಾದವರ ಕೈಯಲ್ಲಿ ಬೆತ್ತವಿದ್ದರೆ ಯಾರು ಏನೆಂದುಕೊಳ್ಳುತ್ತಾರೆ? ನನ್ನ ಕಾಲಕೆಳಗೆ, ನಮ್ಮ ಬಾಗಿಲೊಳಗೆ, ದಾಕ್ಷಜ್ಜಿ ಒಗೆದ ಎರಡು ಸೀರೆಯ ಚೀಲ ಹಿಡಿದು ನಿಂತಿದ್ದಳು.

"ಕೂಗಿಸಮ್ಮ," ಎಂದರು ಅಧ್ಯಕ್ಷರು ಮೈಕಿನಲ್ಲಿ.

ನಾನು ತಿರುಗಿಸಿದೆ. ಮೊದಲು ಗೊರಗೊರ, ಆಮೇಲೆ ಕೂಗು ಕೆಳಗಿನಿಂದ ಏರತೊಡಗಿತು. ಆಗ ನಿಜಗುಣಪ್ಪ ಮೇಷ್ಟ್ರು ಯಾವ ಮೇಷ್ಟ್ರೂ ಮಾಡಬಾರದ ತಪ್ಪು ಮಾಡಿದರು. ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಕೂಗು ಅರ್ಧ ಏರುವಷ್ಟರಲ್ಲೇ ನಮ್ಮ ಜಗಲಿ ಹತ್ತಿ, ಹೊಸ್ತಿಲು ದಾಟಿ ಒಳಗೆ ನುಗ್ಗಿದರು. ನೆಲಕ್ಕೆ ಬೆತ್ತ ಬಡಿದ ಸದ್ದು ಕೇಳಿಸಿತು. "ದಾಕ್ಷಾಯಿಣಿ, ನಡೆ," ಎಂಬ ದನಿ ಕೇಳಿಸಿತು. ಆ ದನಿ ಸಂಜೆ ಆರರ ದನಿಯಾಗಿರಲಿಲ್ಲ. ಆ ಕ್ಷಣದಲ್ಲಿ ನನಗೆ ಕಾಲೇಜೂ ನೆನಪಾಗಲಿಲ್ಲ, ಅಮ್ಮನೂ ನೆನಪಾಗಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟು ಮಾತ್ರ ನೆನಪಿದೆ. ಕೈ ಸಡಿಲ ಬಿಟ್ಟೆ.

ಕೂಗು ಇಳಿಯಿತು. ಮತ್ತೆ ಏರಿಸಿದೆ, ಮತ್ತೆ ಇಳಿಸಿದೆ. ಬೀದಿ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತಿತು. ಆಮೇಲೆ ಎಲ್ಲರೂ ಟ್ರಂಕುಗಳ ಸಮೇತ ತಾವು ನಿಂತಿದ್ದ ಬಾಗಿಲೊಳಕ್ಕೇ ನುಗ್ಗಿದರು. ವಕೀಲರು ಕುರ್ಚಿಗೆ ಹಾರಿದರು. ಕಳ್ಳನನ್ನು ಮಕ್ಕಳು ರಟ್ಟೆ ಹಿಡಿದು ಒಳಗೆಳೆದುಕೊಂಡರು. ಅಧ್ಯಕ್ಷರು ಮೈಕಿನ ಆಟೋದೊಳಗೆ ಸಿಕ್ಕಿದರು. ಎಣ್ಣೆಗಾಣದ ಮದುಮಗ ಏರುವ ಕೂಗಿನಲ್ಲೇ ಓಡಿ ಛತ್ರ ಸೇರಿಕೊಂಡಿದ್ದ, ಮುಂದಿನ ಗುರುವಾರ ತಾಳಿ ಕಟ್ಟಿದ.

ಎಲ್ಲರೂ ಒಳಗೆ ಓಡುತ್ತಿದ್ದಾಗ ನಮ್ಮ ಮನೆಯಿಂದ ದಾಕ್ಷಜ್ಜಿ ಹೊರಗೆ ಬಂದಳು. ಇದನ್ನು ನಾನು ಯೋಚಿಸಿರಲಿಲ್ಲ, ಅಜ್ಜಿಯೂ ಯೋಚಿಸಿರಲಿಲ್ಲ. ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು, ಆ ಇಪ್ಪತ್ತು ಹೆಜ್ಜೆಯ ರಸ್ತೆಯನ್ನು ಓಡದೆ ನಡೆದು ದಾಟಿದಳು. ಎದುರು ಮನೆಯ ಜಗಲಿ ಹತ್ತಿದಳು, ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ನನ್ನ ರಟ್ಟೆ ಬಿದ್ದುಹೋಗುವಂತಿತ್ತು, ಆದರೂ ಆ ಬಾಗಿಲು ಹಾಕುವ ತನಕ ತಿರುಗಿಸುತ್ತಲೇ ಇದ್ದೆ.

ಮೇಷ್ಟ್ರು ಈಗ ನಮ್ಮ ಮನೆಯವರು. ಮೊದಲ ದಿನ ಕಿರುಚಾಡಿದರು, ತಂತಿ ತೋರಿಸಿದರು. ಹಳೆ ತಂತಿ ಹಳೆ ಕೂಗಿಗೆ ಮಾತ್ರ ಅನ್ವಯಿಸುತ್ತದೆ, ಹೊಸ ಕೂಗಿಗೆ ಹೊಸ ತಂತಿ ಬರಬೇಕು ಎಂದು ಅಧ್ಯಕ್ಷರು ಆಟೋದಿಂದಲೇ ತೀರ್ಪು ಕೊಟ್ಟರು. ನಿಯಮ ಎಂದ ಮೇಲೆ ಮೇಷ್ಟ್ರು ತಂತಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಅಜ್ಜಿ ಬೆತ್ತ ಇಸಿದುಕೊಂಡು ಸೊಳ್ಳೆಪರದೆಗೆ ಕಟ್ಟಿದಳು, ಅವರಿಗೆ ಹುಣಿಸೆಹಣ್ಣು ಬಿಡಿಸುವ ಕೆಲಸ ಕೊಟ್ಟಳು. ನನಗೆ ಅವರ ಜೊತೆ ಒಂದೇ ಸೂರಿನಡಿ ಇರುವುದು ಇಷ್ಟವಿಲ್ಲ, ಅದನ್ನು ಅವರ ಎದುರಿಗೇ ಹೇಳಿದ್ದೇನೆ. ಅಮ್ಮನಿಗೆ ಕಾಗದ ಬರೆದೆ, ಕಾರಣ ಬರೆಯಲು ನಾಲ್ಕು ಹಾಳೆ ಬೇಕಾಯಿತು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ತಪ್ಪಾಯಿತು ಎಂದು ಹೇಳಲು, ಒಂದು ಡಬ್ಬಿ ಸಂಡಿಗೆ ಹಿಡಿದು ಎದುರು ಮನೆಗೆ ಹೋದೆ. ಹೊಸ್ತಿಲು ದಾಟುವ ಹಾಗಿರಲಿಲ್ಲ, ಈಗ ನಾನೂ ಎಲ್ಲರಂತೆ. ಬಾಗಿಲು ಬಡಿದೆ. ಉತ್ತರ ಬರಲಿಲ್ಲ. ಹೆದರಿಕೆಯಾಗಿ ಕಿಟಕಿಯಿಂದ ಇಣುಕಿದೆ. ದಾಕ್ಷಜ್ಜಿ ನಡುಮನೆಯ ಮಧ್ಯದಲ್ಲಿ, ಬರಿ ನೆಲದ ಮೇಲೆ, ಕೈ ಒಂದು ಕಡೆ ಕಾಲು ಒಂದು ಕಡೆ ಚಾಚಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಮಲಗುತ್ತಿದ್ದದ್ದು ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿನ ಕಡೆ ಮುಖ ಮಾಡಿ, ಕೂತುಕೊಂಡು. ವಯಸ್ಸಾದವರು ಹಾಗೇ ಮಲಗುತ್ತಾರೆಂದು ನಾನು ಹುಟ್ಟಿದಾಗಿನಿಂದ ಅಂದುಕೊಂಡಿದ್ದೆ.

ಮತ್ತೆ ಬಾಗಿಲು ಬಡಿಯಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತೆ. ಅವಳು ಎದ್ದಾಗ ಒಂದೂವರೆ ಆಗಿತ್ತು.